ಜಟ್ಟಿ ಮನೆಯ ಬಿಳಿ ಇದ್ದಲು

ಓನೊರಾ ರುಬೋನಿಗೆ ಒಬ್ಬಳ ಮೇಲೆ ಸಿಟ್ಟಿದೆ. ಅವಳು ಸತ್ತು ಮಣ್ಣಾಗಿ ನಾಲ್ಕೈದು ವರ್ಷವಾಯಿತು, ಸಿಟ್ಟು ಮಾತ್ರ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ. ದಕ್ಷಿಣ ಫ್ರಾನ್ಸಿನ ಏಕ್ಸ್ ಊರಿನ ತರಕಾರಿ ಚೌಕದ ಮೂಲೆಯಲ್ಲೊಂದು ಹೆಂಡದಂಗಡಿಯಿದೆ. ಸಂಜೆ ಹೊತ್ತು ಅಲ್ಲಿ ಸೋಂಪಿನ ಹೆಂಡಕ್ಕೆ ನೀರು ಬೆರೆಸುತ್ತ ಕೂತ ಓನೊರಾನ ಎದುರು ನೊರೀನ್ ಇಸ್ನಾರ್ ಎಂದು ಹೆಸರೆತ್ತಿ ನೋಡಿ. ಗ್ಲಾಸು ಮೇಜಿಗೆ ಕುಕ್ಕಿದ ಸದ್ದು ಬೀದಿಗೆ ಕೇಳುತ್ತದೆ.

"ಇಪ್ಪತ್ತು ವರ್ಷ ಕಣ್ರಯ್ಯಾ! ಇಪ್ಪತ್ತು ವರ್ಷ ಆ ಮನೆಗೆ ಕಲ್ಲಿದ್ದಲು ಹೊತ್ತೆ. ಒಂದ್ ದಿನ, ಒಂದೇ ಒಂದ್ ದಿನ ದೊಡ್ಡ ಮೆಟ್ಟಿಲು ಹತ್ತೋಕೆ ಬಿಟ್ಟಳಾ ಆ ಮುದುಕಿ?"

"ಇಳಿದಿದ್ದೀಯಲ್ಲ ಮಾರಾಯ" ಎಂದು ಯಾರಾದರೊಬ್ಬರು ಕೆಣಕುತ್ತಾರೆ. ಕೆಣಕುವುದಕ್ಕೇ ಅವರು ಬಂದಿರುತ್ತಾರೆ.

"ಇಳಿಯೋದು ಯಾವ ಮಹಾ? ಆ ಮನೇಲಿ ಹೆಣಗಳೂ ಇಳಿದಿವೆ. ನಾನು ಕೇಳ್ತಿರೋದು ಹತ್ತೋದು!"

ಅಷ್ಟಕ್ಕೇ ನಿಲ್ಲಿಸುವ ಮನುಷ್ಯನಲ್ಲ. ಇನ್ನೊಂದು ಗ್ಲಾಸು ಬರುತ್ತದೆ, ಕತೆ ಶುರುವಾಗುತ್ತದೆ. ಬೈಗುಳದಿಂದ ಶುರುವಾಗುವ ಆ ಕತೆ ಎರಡನೇ ಗ್ಲಾಸಿನ ಹೊತ್ತಿಗೆ ಹೊಗಳಿಕೆಯಾಗಿರುತ್ತದೆ. ಅದು ಅವನಿಗೆ ಗೊತ್ತಾಗುವುದಿಲ್ಲ. ಕೇಳುವವರು ಅವನಿಗೆ ಹೇಳುವುದೂ ಇಲ್ಲ.

ಆ ಮನೆಗೆ ಕಾಗದಪತ್ರದಲ್ಲಿ ವಾಲ್‌ಬ್ರೆಗ್ ಎಂಬ ಹೆಸರಿದೆ. ರಾಜರ ಕಾಲದ ನ್ಯಾಯಸಭೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ವಾಲ್‌ಬ್ರೆಗ್ ಎಂಬಾತ ಕಟ್ಟಿಸಿದ್ದು, ಇನ್ನೂರು ವರ್ಷದ ಮೇಲಾಯಿತು. ಬೀದಿಯವರಿಗೆ ಅದು ಜಟ್ಟಿ ಮನೆ. ಹೆಬ್ಬಾಗಿಲಿನ ಎರಡೂ ಬದಿಗೆ ಸೊಂಟದವರೆಗೆ ಬರಿಮೈಯ ಇಬ್ಬರು ಕಲ್ಲಿನ ಜಟ್ಟಿಗಳು ಕತ್ತು ಬಗ್ಗಿಸಿ ಬಾಲ್ಕನಿ ಹೊತ್ತು ನಿಂತಿದ್ದಾರೆ. ಒಬ್ಬ ಹಲ್ಲು ಕಚ್ಚಿದ್ದಾನೆ. ಇನ್ನೊಬ್ಬ, ಸಾಕಪ್ಪಾ ಸಾಕು ಎಂಬ ಹಾಗೆ ಕಣ್ಣು ಮುಚ್ಚಿದ್ದಾನೆ. ಓನೊರಾ ಗಾಡಿ ನಿಲ್ಲಿಸಿ ಮೊದಲನೇ ಮೂಟೆಯನ್ನು ಬೆನ್ನಿಗೆ ಏರಿಸುವ ಮುಂಚೆ ಹಲ್ಲು ಕಚ್ಚಿದವನ ಮೊಣಕೈ ಮೇಲೊಂದು ತಟ್ಟು ತಟ್ಟುತ್ತಿದ್ದ. ಒಂದೇ ಕಸುಬಿನವರು ಅಂತ. ಬಾಲ್ಕನಿ ಹೊತ್ತವರು ಬಾಲ್ಕನಿ ಹತ್ತಿದವರಲ್ಲ, ಆ ಲೆಕ್ಕದಲ್ಲೂ ಒಂದೇ.

ಹೆಬ್ಬಾಗಿಲು ದಾಟಿದರೆ ಕುದುರೆಗಾಡಿ ತಿರುಗುವಷ್ಟು ಅಂಗಳ, ಅದರಾಚೆ ಮನೆ, ಮನೆಯ ಬೆನ್ನಿಗೆ ತೋಟ. ಬೀದಿಯ ಗಲಾಟೆ ಮನೆಯೊಳಗೆ ಕೇಳಬಾರದು, ಮನೆಯೊಳಗಿನ ಜಗಳ ಬೀದಿಗೆ ಕೇಳಬಾರದು, ಹಾಗೆ ಕಟ್ಟಿದ್ದು. ಒಳಗೆ ಕಾಲಿಟ್ಟ ಕೂಡಲೇ ಎಡಗಡೆಗೆ ಅದು ಇದೆ. ದೊಡ್ಡ ಮೆಟ್ಟಿಲು.

ಅದನ್ನು ನೋಡಿದವರು ಮೊದಲು ಕೆಳಗೆ ಬಗ್ಗಿ ಹುಡುಕುತ್ತಾರೆ, ಏನನ್ನು ಆತುಕೊಂಡು ನಿಂತಿದೆ ಎಂದು. ಕಂಬವಿಲ್ಲ, ತೊಲೆಯಿಲ್ಲ. ಪ್ರತಿಯೊಂದು ಕಲ್ಲೂ ಒಂದು ತುದಿಯನ್ನು ಗೋಡೆಗೆ ಕೊಟ್ಟು, ತನ್ನ ಕೆಳಗಿನ ಕಲ್ಲಿನ ಹೆಗಲ ಮೇಲೆ ಕೂತಿದೆ. ಹಾಗೆ ಒಂದರ ಹೆಗಲ ಮೇಲೊಂದು ಕೂತು, ಗೋಡೆಯ ಮೂರು ಮಗ್ಗುಲು ಸುತ್ತಿ, ಎರಡು ಅಂತಸ್ತು ಏರಿಬಿಟ್ಟಿವೆ. ಅಡಿಭಾಗ ಕೈಯಿಂದ ಸವರಿದ ಬೆಣ್ಣೆಯ ಹಾಗೆ ನಯ. ಅಂಚಿಗೆ ಕಬ್ಬಿಣದ ಕಟಕಟೆ, ಕಬ್ಬಿಣವನ್ನು ಬಳ್ಳಿ ಮಾಡಿ ಎಲೆ ಬಿಡಿಸಿದ್ದಾರೆ. ಮೇಲಿನ ಕಿಟಕಿಯಿಂದ ಬೆಳಕು ಬಿದ್ದಾಗ ಆ ಎಲೆಗಳ ನೆರಳು ಕಲ್ಲಿನ ಮೇಲೆ ಹಬ್ಬುತ್ತದೆ. ಮೊದಲ ಯುದ್ಧ ಮುಗಿದು ಒಂದಷ್ಟು ವರ್ಷಕ್ಕೆ ಸರ್ಕಾರದವರು ಬಂದು ಅಳೆದು, ಫೋಟೋ ಹಿಡಿದು, ಜಟ್ಟಿಗಳನ್ನೂ ಮೆಟ್ಟಿಲನ್ನೂ ಅದರ ಮೇಲಿನ ಗಾರೆ ಕೆಲಸದ ಚಾವಣಿಯನ್ನೂ ರಕ್ಷಿತ ಸ್ಮಾರಕ ಎಂದು ಸಾರಿ, ಹೆಬ್ಬಾಗಿಲಿಗೊಂದು ಫಲಕ ಹೊಡೆದು ಹೋದರು. ಆಮೇಲೆ ಮಾಲೀಕರೇ ಆದರೂ ಕೇಳದೆ ಒಂದು ಮೊಳೆ ಹೊಡೆಯುವ ಹಾಗಿಲ್ಲ.

ಇದು ಮನೆಯ ಮುಖ. ಅದಕ್ಕೊಂದು ಬೆನ್ನೂ ಇದೆ. ಗೋಡೆಯ ದಪ್ಪದೊಳಗೆ, ಒಲೆಯ ಹೊಗೆ ಹೋಗುವ ಕೊಳವೆಯ ಹಾಗೆ, ಸುರುಳಿ ಮೆಟ್ಟಿಲೊಂದು ಅಡುಗೆಮನೆಗಳ ಹಿಂದಿನಿಂದ ಅಟ್ಟದವರೆಗೆ ಹೋಗುತ್ತದೆ. ಆಳುಗಳು, ಹಾಲಿನವನು, ನೀರು, ಸೌದೆ, ಇದ್ದಲು, ಎಲ್ಲಾ ಅದರಲ್ಲೇ. ಮೂಟೆ ಹೊತ್ತವನು ಎಡಭುಜ ಮುಂದೆ ಮಾಡಿ ಅಡ್ಡಡ್ಡ ಏರಬೇಕು, ತಿರುವಿನಲ್ಲಿ ಉಸಿರು ಒಳಗೆಳೆದುಕೊಳ್ಳಬೇಕು. ಓನೊರಾನ ಎಡ ಮೊಣಕೈಯ ಚರ್ಮ ಇವತ್ತಿಗೂ ಆಮೆಯ ಚಿಪ್ಪಿನಂತಿದೆ.

ಅಟ್ಟದಲ್ಲಿ ಬದುಕುವವರು ಆ ಸುರುಳಿಯಲ್ಲೇ ಹತ್ತಿ ಅದರಲ್ಲೇ ಇಳಿಯುತ್ತಿದ್ದರು. ಒಂದು ಸಲ ಮಾತ್ರ ಅವರಿಗೆ ದೊಡ್ಡ ಮೆಟ್ಟಿಲು ಸಿಗುತ್ತಿತ್ತು. ಶವಪೆಟ್ಟಿಗೆ ಸುರುಳಿಯಲ್ಲಿ ತಿರುಗುವುದಿಲ್ಲವಲ್ಲ, ಅದಕ್ಕೆ. ಅಡುಗೆಯವಳಿರಲಿ, ಬಟ್ಟೆ ಹೊಲಿಯುವವಳಿರಲಿ, ಸತ್ತ ದಿನ ನಾಲ್ಕು ಜನರ ಹೆಗಲ ಮೇಲೆ, ಆ ಕಬ್ಬಿಣದ ಬಳ್ಳಿಯ ಪಕ್ಕದಲ್ಲಿ, ಮಾಲೀಕರ ಹಾಗೆ ಇಳಿದು ಹೋಗುತ್ತಿದ್ದಳು.

ಈ ಮನೆ ಕಾಯುತ್ತಿದ್ದವಳು ನೊರೀನ್. ಉತ್ತರದ ಗುಡ್ಡದ ಕಡೆಯವಳು. ಲಂಗ ಹಾಕುವ ವಯಸ್ಸಿಗೆ ಕೆಲಸಕ್ಕೆ ಬಂದು, ಮನೆಯ ತೋಟದ ಮಾಲಿಯನ್ನು ಮದುವೆಯಾಗಿ, ಮಕ್ಕಳಿಲ್ಲದೆ, ಗಂಡನನ್ನೂ ಬೇಗ ಕಳೆದುಕೊಂಡು, ಅಲ್ಲೇ ಉಳಿದಳು. ಹಗಲು ಹೆಬ್ಬಾಗಿಲ ಪಕ್ಕದ ಬಾಗಿಲಕೋಣೆ, ರಾತ್ರಿ ಅಟ್ಟದ ಹಾಸಿಗೆ. ಕುಳ್ಳು ಹೆಂಗಸು, ಕಪ್ಪು ಏಪ್ರನ್ನು, ತುಟಿ ಬಿಗಿದರೆ ದಾರ ಹಾಕಿ ಹೊಲಿದ ಹಾಗೆ. ಬೀದಿಯವರೆಲ್ಲ ನೊರೀನಮ್ಮ ಎನ್ನುತ್ತಿದ್ದರು. ವಾರಕ್ಕೆ ಮೂರು ಸಲ ಅವಳು ಬಕೆಟ್ಟು ಹಿಡಿದು ಸುರುಳಿ ಮೆಟ್ಟಿಲಲ್ಲಿ ಮೇಲೆ ಹೋಗಿ, ದೊಡ್ಡ ಮೆಟ್ಟಿಲಿನ ತುದಿಯಲ್ಲಿ ಮೊಣಕಾಲೂರಿ, ಒಂದೊಂದೇ ಕಲ್ಲನ್ನು ಒರೆಸುತ್ತ ಹಿಂದೆ ಹಿಂದೆ ಸರಿಯುತ್ತ ಇಳಿಯುತ್ತಿದ್ದಳು. ಹಾಗಾಗಿ ಅವಳೂ ಆ ಮೆಟ್ಟಿಲನ್ನು ಹತ್ತಿದವಳಲ್ಲ. ಮುಖ ಮುಂದೆ ಮಾಡಿ ಅದರಲ್ಲಿ ಇಳಿದದ್ದು ಒಂದೇ ಸಲ, ಗಂಡನ ಪೆಟ್ಟಿಗೆಯ ಹಿಂದೆ. ಸ್ಮಶಾನದಿಂದ ಬಂದವಳು ಜನರ ಬೂಟಿನ ಕೆಸರು ನೋಡಿ, ಕಪ್ಪು ಬಟ್ಟೆಯನ್ನೂ ಬದಲಿಸದೆ ಬಕೆಟ್ಟು ತೆಗೆದಳಂತೆ.

ಓನೊರಾನ ಜಗಳ ಅವನ ಅಪ್ಪನ ಕಾಲಿನಿಂದ ಶುರುವಾದದ್ದು. ಎರಡನೇ ಯುದ್ಧ ಮುಗಿದ ಹೊಸತು, ಅಪ್ಪ ಮಗ ಇಬ್ಬರೂ ಹೊರುತ್ತಿದ್ದ ಕಾಲ. ಒಂದು ದಿನ ಸುರುಳಿಯ ತಿರುವಿನಲ್ಲಿ ಅಪ್ಪನ ಮೊಣಕಾಲು ಕಟಕ್ಕೆಂದಿತು. ಮುದುಕ ಮೂಟೆ ಸಮೇತ ಅಲ್ಲೇ ಕುಸಿದು ಕೂತ. ಗಾಡಿಯಲ್ಲಿ ಇನ್ನೂ ಅರ್ಧ ಇದ್ದಲು. ಓನೊರಾ ಓಡಿ ಬಂದು ಕೇಳಿದ:

"ನೊರೀನಮ್ಮ, ಉಳಿದದ್ದು ನಾನೊಬ್ಬನೇ ಹೊರಬೇಕು. ಇವತ್ತೊಂದಿನ ದೊಡ್ಡದರಲ್ಲಿ ಹೋಗ್ತೀನಿ."

"ಆಗಲ್ಲ."

"ಅಪ್ಪನ ಕಾಲು ಮುರಿದಿದೆ ಅಂದೆ!"

"ಕೇಳಿಸ್ತು. ಅದಕ್ಕೇ ಬಿಸಿನೀರು ಇಟ್ಟಿದ್ದೀನಿ. ಮೊದಲು ಅವರನ್ನ ಎತ್ಕೊಂಡು ಬಾ, ಬಟ್ಟೆ ಕಟ್ತೀನಿ. ಇದ್ದಲು ಮಾತ್ರ ಸಣ್ಣದರಲ್ಲಿ."

"ಒಂದ್ ದಿನಕ್ಕೆ ನಿಮ್ಮ ಕಲ್ಲು ಸವೆದು ಹೋಗುತ್ತಾ?"

"ಸರ್ಕಾರದ ಕಾನೂನು ಕಣಪ್ಪ. ರಕ್ಷಿತ ಮೆಟ್ಟಿಲು. ಇದ್ದಲು ಹತ್ತಿಸೋ ಹಾಗಿಲ್ಲ."

ಕಾನೂನು ಎಂದರೆ ಯಾರೇನು ಮಾಡುವುದು? ಅಪ್ಪನಿಗೆ ಕಾಲು ಕಟ್ಟಿದಳು, ದ್ರಾಕ್ಷಿ ಹೆಂಡ ಕುಡಿಸಿದಳು, ಬೆವರು ಒರೆಸಿಕೊಳ್ಳಲು ತನ್ನದೇ ಒಗೆದ ಟವಲು ಕೊಟ್ಟಳು. ಮೆಟ್ಟಿಲು ಕೊಡಲಿಲ್ಲ. ಅಪ್ಪ ಆಮೇಲೆ ಸಾಯುವವರೆಗೂ ಕುಂಟಿದ. ಓನೊರಾ ಅದನ್ನು ಮರೆಯಲಿಲ್ಲ, ಮರೆಯುವ ಜಾತಿಯೂ ಅಲ್ಲ.

ವರ್ಷಗಟ್ಟಲೆ ಅವನು ಸರ್ಕಾರವನ್ನು ಬೈದ. ಪ್ಯಾರಿಸಿನಲ್ಲಿ ಯಾವನೋ ಕುರ್ಚಿ ಮೇಲೆ ಕೂತು ಇದ್ದಲಿನವನ ಮೇಲೆ ಕಾನೂನು ಬರೆದಿದ್ದಾನೆ ಎಂದು ಚುನಾವಣೆ ಬಂದಾಗಲೆಲ್ಲ ವಿರೋಧ ಪಕ್ಷಕ್ಕೆ ಓಟು ಹಾಕಿದ. ಒಂದು ದಿನ ಸ್ಮಾರಕ ಇಲಾಖೆಯ ವಾಸ್ತುಶಿಲ್ಪಿಯೊಬ್ಬ ಜಟ್ಟಿಗಳ ಬಿರುಕು ನೋಡಲು ಬಂದ. ನೊರೀನಮ್ಮ ಅವನಿಗೂ ಒಳಗೆ ಬರುವ ಮುಂಚೆ ಎರಡು ಸಲ ಬೂಟು ಒರೆಸಲು ಹೇಳಿದ್ದಳು. ಅವನು ಹೊರಡುವಾಗ ಓನೊರಾ ಹೆಬ್ಬಾಗಿಲಲ್ಲಿ ಅಡ್ಡಗಟ್ಟಿದ.

"ಮೆಸ್ಯೋ, ಇದ್ದಲಿನವನು ದೊಡ್ಡ ಮೆಟ್ಟಿಲು ಹತ್ತಬಾರದು ಅಂತ ಯಾಕ್ರೀ ಕಾನೂನು ಮಾಡಿದ್ದೀರಿ?"

ಅವನು ಕಣ್ಣು ಕಣ್ಣು ಬಿಟ್ಟ. "ಇದ್ದಲಾ? ಕಾನೂನಲ್ಲಿ ಇದ್ದಲಿನ ಮಾತೇ ಇಲ್ವಲ್ಲ. ಒಡೀಬಾರದು, ಬದಲಾಯಿಸಬಾರದು ಅಷ್ಟೇ. ಮೆಟ್ಟಿಲು ಇರೋದು ಹತ್ತೋಕೆ."

ಆಗ ಓನೊರಾನ ತಲೆಗೆ ಏರಿದ್ದನ್ನು ಕೇಳಬೇಡಿ. ಮೂಟೆ ಬೆನ್ನ ಮೇಲಿದ್ದ ಹಾಗೇ ಒಳನುಗ್ಗಿದ. ನೊರೀನ್ ಮೆಟ್ಟಿಲಿನ ಬುಡದಲ್ಲಿ ಒರೆಸುವ ಬಟ್ಟೆ ಹಿಂಡುತ್ತಿದ್ದಳು.

"ಸುಳ್ಳಿ! ಸುಳ್ಳು ಕಾನೂನು ಹೇಳ್ತೀಯಾ?"

ನೀವು ಹೋಗಿ ನೀನು ಬಂದಿತ್ತು. ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. "ಸುಳ್ಳು ಯಾಕಾಗುತ್ತೆ? ಸರ್ಕಾರ ನೆನಪಿಲ್ಲದೆ ಬಿಟ್ಟಿದ್ದನ್ನ ನಾನು ಸೇರಿಸಿದ್ದೀನಿ ಅಷ್ಟೇ."

"ನೀನ್ಯಾರು ಸೇರಿಸೋಕೆ?"

"ಒರೆಸೋಳು" ಎಂದಳು. "ನೋಡು ಓನೊರಾ, ಅವರು ವರ್ಷಕ್ಕೊಂದು ಸಲ ಬಂದು ಮೇಲೆ ನೋಡಿ ಹೋಗ್ತಾರೆ. ನಾನು ದಿನಾ ಕೆಳಗೆ ನೋಡ್ತೀನಿ. ಇವತ್ತು ನಿನ್ನ ಮೂಟೆ, ನಾಳೆ ಹಾಲಿನವನ ಕ್ಯಾನು, ನಾಡಿದ್ದು ಮೊದಲನೇ ಅಂತಸ್ತಿನ ನೋಟರಿ ಮಗನ ಸೈಕಲ್ಲು. ಆಮೇಲೆ ನಾನು ಇಷ್ಟು ವರ್ಷ ಒರೆಸಿದ್ದಾದ್ರೂ ಏನು? ಹತ್ತಬೇಕಾ, ಹತ್ತು. ಯಾರೂ ಹಿಡ್ಕೊಂಡಿಲ್ಲ."

ಪಕ್ಕಕ್ಕೆ ಸರಿದು ನಿಂತಳು.

ಓನೊರಾ ಮೊದಲನೇ ಮೆಟ್ಟಿಲಿಗೆ ಎಡಗಾಲು ಇಟ್ಟ. ಕಲ್ಲು ಒದ್ದೆಯಿತ್ತು, ಜೇನಿನ ಬಣ್ಣ. ಬೂಟಿನ ಕಪ್ಪು ಗುರುತು ಅಚ್ಚೊತ್ತಿದ ಹಾಗೆ ಬಿತ್ತು. ಅವಳು ಆ ಗುರುತನ್ನು ನೋಡಲಿಲ್ಲ, ಅವನ ಮುಖ ನೋಡುತ್ತಿದ್ದಳು. ಒಂದು ಮಾತು ಬೈದಿದ್ದರೆ ಹತ್ತಿಬಿಡುತ್ತಿದ್ದ. ಅವಳು ಬೈಯಲಿಲ್ಲ. ಆಗ ಓನೊರಾನಿಗೆ ತಿಳಿದದ್ದೇನೆಂದರೆ, ಅವನಿಗೆ ಬೇಕಾದದ್ದು ಮೆಟ್ಟಿಲಲ್ಲ, ಅವಳ ಬಾಯಿಂದ "ಬಾ, ಹತ್ತು" ಎಂಬ ಕರೆ. ಆ ಕರೆಯಿಲ್ಲದೆ ಹತ್ತಿದರೆ ಕಳ್ಳ ಹತ್ತಿದ ಹಾಗೆ. ಕಾಲು ತೆಗೆದ. ಸುರುಳಿಯ ಕಡೆ ತಿರುಗಿ, ಪ್ರತಿ ತಿರುವಿಗೂ ಒಂದೊಂದು ಹೊಸ ಬೈಗುಳ ಹುಡುಕುತ್ತ ಅಟ್ಟದವರೆಗೆ ಹೋದ. ಇಳಿದು ಬರುವಷ್ಟರಲ್ಲಿ ಗುರುತು ಒರೆಸಿಯಾಗಿತ್ತು, ಬಾಗಿಲಕೋಣೆಯ ಕಿಟಕಿಯಲ್ಲಿ ಅವನಿಗೊಂದು ಬಟ್ಟಲು ಬಿಸಿ ಕಾಫಿ ಇತ್ತು. ಕುಡಿಯದೆ ಹೋದ. ಬೀದಿಯ ಕೊನೆಯಿಂದ ವಾಪಸು ಬಂದು ಕುಡಿದ.

ಐವತ್ತಾರರ ಫೆಬ್ರವರಿ ಬಂತು. ಆ ಚಳಿಯನ್ನು ಕಂಡವರು ಇವತ್ತಿಗೂ ದನಿ ತಗ್ಗಿಸಿ ಮಾತಾಡುತ್ತಾರೆ. ಆಲಿವ್ ಮರಗಳು ನಿಂತಲ್ಲೇ ಸೀಳಿಹೋದವು, ರಾತ್ರಿ ಮಲಗಿದರೆ ತೋಟದ ಕಡೆಯಿಂದ ಬಂದೂಕಿನ ಸದ್ದಿನ ಹಾಗೆ ಕೇಳುತ್ತಿತ್ತು. ಕಾರಂಜಿಗಳು ಮಂಜುಗಡ್ಡೆಯ ಗಡ್ಡ ಬಿಟ್ಟುಕೊಂಡವು. ಇದ್ದಲಿನವರಿಗೆ ಊಟಕ್ಕೆ ಪುರುಸೊತ್ತಿಲ್ಲ. ಅಂಥ ಒಂದು ಬೆಳಿಗ್ಗೆ ಓನೊರಾ ಜಟ್ಟಿ ಮನೆಗೆ ಬಂದರೆ ಬಾಗಿಲಕೋಣೆ ಮುಚ್ಚಿದೆ. ಅವನ ನೆನಪಿನಲ್ಲಿ ಅದು ಮುಚ್ಚಿದ್ದೇ ಇಲ್ಲ.

ಮೂಟೆ ಬಿಸಾಕಿ ಸುರುಳಿ ಹತ್ತಿದ. ಅಟ್ಟದಲ್ಲಿ ನೊರೀನ್ ಕೋಟು ಹೊದ್ದು ಮಲಗಿದ್ದಳು. ಒಲೆ ಆರಿತ್ತು. ಕೆನ್ನೆ ಕೆಂಡ, ಉಸಿರು ಗರಗಸ ಎಳೆದ ಹಾಗೆ.

"ಬಂದ್ಯಾ" ಎಂದಳು. "ನೋಟರಿಯವರ ಇದ್ದಲು ಮುಗಿದಿದೆ. ಮೊದಲು ಅಲ್ಲಿಗೆ ಹಾಕು."

"ನೋಟರಿ ಮನೆ ಹಾಳಾಗ" ಎಂದು ಓನೊರಾ ಒಲೆ ಹಚ್ಚಿದ. ಮೊದಲನೇ ಅಂತಸ್ತಿನಲ್ಲಿ ಕಚೇರಿ ಇಟ್ಟಿದ್ದ ನೋಟರಿ ಗ್ರಾನಿಯೆ ಒಳ್ಳೆಯ ಮನುಷ್ಯ. ಸುದ್ದಿ ಕೇಳಿದ್ದೇ ಫೋನು ಮಾಡಿ ಡಾಕ್ಟರನ್ನು ಕರೆಸಿದ. ಡಾಕ್ಟರು ಎದೆಗೆ ಕಿವಿಯಿಟ್ಟು, ಎರಡೂ ಶ್ವಾಸಕೋಶ ಕಟ್ಟಿದೆ, ಇಲ್ಲೇ ಬಿಟ್ಟರೆ ನಾಳೆ ಬೆಳಿಗ್ಗೆ ಕಾಣುವುದು ಕಷ್ಟ, ಈಗಲೇ ಆಸ್ಪತ್ರೆಗೆ ಎಂದರು. ಆಂಬುಲೆನ್ಸ್ ಬಂತು. ಇಬ್ಬರು ಸ್ಟ್ರೆಚರ್ ಹಿಡಿದು ಸುರುಳಿಯ ಬಾಯಿಗೆ ಬಂದು ನಿಂತರು. ಅದು ಎಲ್ಲಿ ತಿರುಗಬೇಕು?

"ದೊಡ್ಡ ಮೆಟ್ಟಿಲಲ್ಲಿ ಇಳಿಸೋಣ" ಎಂದರು ಡಾಕ್ಟರು. ಅಟ್ಟದಿಂದ ಎರಡನೇ ಅಂತಸ್ತಿಗೆ ನೇರವಾದ ಮರದ ಮೆಟ್ಟಿಲಿತ್ತು, ಅಲ್ಲಿಂದ ಬಾಗಿಲು ತೆಗೆದರೆ ದೊಡ್ಡ ಮೆಟ್ಟಿಲಿನ ತುದಿ.

ಮಲಗಿದ್ದವಳು ಎದ್ದು ಕೂತುಬಿಟ್ಟಳು.

"ಸ್ಟ್ರೆಚರಲ್ಲಿ ಆ ಮೆಟ್ಟಿಲು? ನಾನು ಬರಲ್ಲ."

"ಮದಾಂ, ಹಟ ಮಾಡೋ ಹೊತ್ತಲ್ಲ ಇದು."

"ಡಾಕ್ಟ್ರೇ, ಈ ಅಟ್ಟದಿಂದ ಮಲಗಿಕೊಂಡು ಆ ಮೆಟ್ಟಿಲು ಇಳಿದೋರನ್ನ ಎಲ್ಲರನ್ನೂ ನಾನು ಕಂಡಿದ್ದೀನಿ. ಅಡುಗೆ ಫೆಲಿಸೀ. ಹೊಲಿಗೆಯವಳು. ನನ್ನ ಗಂಡ. ಒಬ್ಬರಾದ್ರೂ ವಾಪಸ್ ಬಂದ್ರಾ? ಮಲಗಿ ಇಳಿಯೋದು ಸತ್ತವರು. ನನಗಿನ್ನೂ ಉಸಿರಿದೆ."

"ಅದು ಉಳೀಲಿ ಅಂತಾನೇ ಕಣಮ್ಮ!"

"ಬರಲ್ಲ ಅಂದ್ರೆ ಬರಲ್ಲ. ಇಲ್ಲೇ ಸಾಯ್ತೀನಿ, ಆಮೇಲೆ ಇಳಿಸಿ. ಆಗ ಕೇಳೋರು ಯಾರು?"

ನೋಟರಿ ಬಂದು ಬೇಡಿದ. ಆಂಬುಲೆನ್ಸಿನವರು ಗಡಿಯಾರ ನೋಡಿದರು. ಅವಳು ಮಂಚದ ಕಂಬಿ ಹಿಡಿದು ಕೂತಳು. ತುಟಿ ಬಿಗಿದಿತ್ತು. ಓನೊರಾನಿಗೆ ರೇಗಿತು. ರೇಗಿದರೆ ಅವನ ಬುದ್ಧಿ ಚುರುಕು. ಮಂಚದ ಮುಂದೆ ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತ.

"ಹತ್ತಿ."

"ಏನು?"

"ಬೆನ್ನ ಮೇಲೆ ಹತ್ತಿ ನೊರೀನಮ್ಮ. ಮಲಗೋದು ಬೇಡ, ಕೂತೇ ಇಳೀರಿ. ನೆಟ್ಟಗೆ, ಕಣ್ಣು ಬಿಟ್ಕೊಂಡು. ನಿಮಗಿಂತ ಭಾರದ ಮೂಟೆ ಹೊತ್ತಿದ್ದೀನಿ. ಅವು ಇಷ್ಟು ಮಾತೂ ಆಡ್ತಿರಲಿಲ್ಲ."

ಅವಳು ಯೋಚಿಸಿದಳು. "ಸುರುಳಿಯಲ್ಲಾ?"

"ಸುರುಳೀಲಿ ನಿಮ್ಮ ತಲೆ ಗೋಡೆಗೆ ಹೊಡಿಯುತ್ತೆ. ದೊಡ್ಡದರಲ್ಲೇ."

ಕೊನೆಗೆ ಅವಳು ಅವನ ಕಾಲು ನೋಡಿದಳು.

"ಬೂಟು ಬಿಚ್ಚು."

"ನೊರೀನಮ್ಮ, ನೀರು ಹೆಪ್ಪುಗಟ್ಟೋ ಚಳಿ!"

"ಬೂಟು ಬಿಚ್ಚು. ಕೈ ಒರೆಸ್ಕೋ. ನನ್ನ ಕರಿ ಶೂ ತೆಗೆದು ನನಗೆ ಹಾಕು, ಭಾನುವಾರದ್ದು. ಹೆಣಕ್ಕೆ ಶೂ ಹಾಕಲ್ಲ."

ಹೀಗೆ ಓನೊರಾ ರುಬೋ ಮೊದಲ ಸಲ ದೊಡ್ಡ ಮೆಟ್ಟಿಲಿನ ಮೇಲೆ ಕಾಲಿಟ್ಟ, ಮೇಲಿನ ತುದಿಯಿಂದ, ಬೂಟು ಎರಡನೇ ಅಂತಸ್ತಿನ ಬಾಗಿಲಲ್ಲಿ ಬಿಟ್ಟು, ತೂತು ಬಿದ್ದ ಕಾಲುಚೀಲದಲ್ಲಿ. ಕಲ್ಲಿನ ಚಳಿ ಅಂಗಾಲಿಂದ ಮಿದುಳಿಗೆ ಹೊಡೆಯಿತು. ಬೆನ್ನ ಮೇಲೆ ಜ್ವರದ ಮೈ ಒಲೆಯ ಹಾಗೆ ಸುಡುತ್ತಿತ್ತು. ಮುಂದೆ ಡಾಕ್ಟರು, ಹಿಂದೆ ನೋಟರಿ, ಅವನ ಹಿಂದೆ ಖಾಲಿ ಸ್ಟ್ರೆಚರು.

"ಗೋಡೆ ಕಡೆ! ಗೋಡೆ ಕಡೆ ನಡಿ, ಅಂಚು ಸವೀಬಾರದು" ಎಂದಳು ಕಿವಿಯ ಹತ್ತಿರ. "ಕಟಕಟೆ ಮುಟ್ಟಬೇಡ, ನೆನ್ನೆ ಎಣ್ಣೆ ಹಾಕಿದ್ದೀನಿ."

"ಜ್ವರ ಇಟ್ಕೊಂಡು ಎಣ್ಣೆ ಹಾಕಿದ್ರಾ?"

"ಕಟಕಟೆಗೆ ಜ್ವರ ಇರಲಿಲ್ಲವಲ್ಲ. ತುಕ್ಕು ಕಾಯುತ್ತಾ?"

ಮೊದಲನೇ ಅಂತಸ್ತಿನ ಹತ್ತಿರ ಅವಳಿಗೆ ಕೆಮ್ಮು ಬಂತು. ಓನೊರಾ ನಿಂತ. ಕೆಮ್ಮು ತಗ್ಗುವವರೆಗೆ ಮಾಡುವುದೇನು, ತಲೆಯೆತ್ತಿದ. ಇಷ್ಟು ವರ್ಷ ಕೆಳಗಿನಿಂದ ಕತ್ತು ಉದ್ದ ಮಾಡಿ ಅಂಚಷ್ಟೇ ಕಂಡಿದ್ದ ಚಾವಣಿ ಈಗ ಪೂರ್ತಿ ತೆರೆದುಕೊಂಡಿತ್ತು. ಬೆಳ್ಳಗಿನ ಗಾರೆಯಲ್ಲಿ ಹೂವು, ಹಕ್ಕಿ, ಹಣ್ಣಿನ ಬುಟ್ಟಿ. ನಾಲ್ಕು ಮೂಲೆಗೆ ನಾಲ್ಕು ಋತುಗಳು. ವಸಂತಕ್ಕೆ ಹೂ ಮುಡಿದ ಹುಡುಗಿ, ಬೇಸಿಗೆಗೆ ಗೋಧಿ ತೆನೆ, ಮುಂದಿನದಕ್ಕೆ ದ್ರಾಕ್ಷಿ. ನಾಲ್ಕನೆಯ ಮೂಲೆಯಲ್ಲಿ ಚಳಿಗಾಲ: ಮುದುಕನೊಬ್ಬ ಕಂಬಳಿ ಹೊದ್ದು ಅಗ್ಗಿಷ್ಟಿಕೆಯ ಮೇಲೆ ಕೈ ಚಾಚಿ ಕೂತಿದ್ದಾನೆ. ಬೆರಳಿನ ಗಿಣ್ಣುಗಳು ಕೂಡ ಚಳಿಗೆ ಊದಿಕೊಂಡಿವೆ. ಆ ಕೈ ಮಾಡಿದವನು ಚಳಿ ಉಂಡವನೇ ಇರಬೇಕು. ಅಗ್ಗಿಷ್ಟಿಕೆ ತುಂಬ ಗುಡ್ಡೆಯಾಗಿ ಇದ್ದಲು.

ಓನೊರಾ ಬಾಯಿ ಬಿಟ್ಟುಕೊಂಡು ನಿಂತ. ಆಮೇಲೆ ಕೂಗಿದ:

"ನೊರೀನಮ್ಮ! ಅಲ್ನೋಡಿ! ಇದ್ದಲು! ನಿಮ್ಮ ಚಾವಣೀಲೇ ಇದ್ದಲು! ಅದನ್ನ ಮೇಲೆ ಹೊತ್ಕೊಂಡು ಬಂದಿದ್ದು ಯಾವ ಮೆಟ್ಟಿಲಲ್ಲಿ?"

ಬೆನ್ನ ಮೇಲೆ ಏನೋ ಅಲುಗಿತು. ಕೆಮ್ಮು ಎಂದುಕೊಂಡ. ನಗು.

"ಅದು ಬಿಳಿ ಇದ್ದಲು ಕಣೋ" ಎಂದಳು. "ನೀನೂ ಬಿಳಿ ಇದ್ದಲು ತಗೊಂಡ್ ಬಾ. ಹತ್ತಿಸ್ತೀನಿ."

ಹಿಂದೆ ಬರುತ್ತಿದ್ದ ನೋಟರಿಗೂ ನಗು ತಡೆಯಲಾಗಲಿಲ್ಲ. ನಗುತ್ತ, ಕೆಮ್ಮುತ್ತ, ಗೋಡೆ ಕಡೆ ಗೋಡೆ ಕಡೆ ಎಂದು ಬೈಸಿಕೊಳ್ಳುತ್ತ ಕೆಳಗಿಳಿದರು. ಕಡೆಯ ಮೆಟ್ಟಿಲು ದಾಟಿದ ಮೇಲೆ ಅವಳು ಸ್ಟ್ರೆಚರಿಗೆ ಒಪ್ಪಿದಳು. ಅಂಗಳದ ಕಲ್ಲಿನ ಮೇಲೆ ಮಲಗಿಕೊಂಡು ಹೋಗಬಹುದು, ಅದು ಬೇರೆ. ಕಂಬಳಿ ಹೊದಿಸುವಾಗ ಓನೊರಾನ ಮುಂಗೈ ಹಿಡಿದಳು.

"ಇಳಿಸಿದ್ದೀಯ. ಒಂದು ಸಲ ಹತ್ತೋದು ನಿನಗೆ ನನ್ನ ಸಾಲ. ವಾಪಸ್ ಬಂದಾಗ ಹೀಗೇ ಬೆನ್ನ ಮೇಲೆ ಕೂರಿಸ್ಕೊಂಡು ಹತ್ತು. ನಾನೂ ಹತ್ತಿಲ್ಲ ಅದನ್ನ."

"ಮಾತು?"

"ಮಾತು."

ಓನೊರಾನ ಕಣ್ಣು ಒದ್ದೆಯಾಗುವುದರಲ್ಲಿತ್ತು. ಆಗ ಅವಳು ಅವನ ಕಾಲಿನ ಕಡೆ ನೋಡಿ ಹೇಳಿದಳು: "ಬೂಟು ಮೇಲೇ ಉಳಿದಿದೆಯಲ್ಲ. ಹೋಗಿ ತಗೋ. ಸಣ್ಣದರಲ್ಲಿ ಹೋಗು."

ಹೆಂಡದಂಗಡಿಯಲ್ಲಿ ಗ್ಲಾಸು ಕುಕ್ಕುವುದು ಈ ಜಾಗದಲ್ಲೇ. ಸಾಯುವ ಜ್ವರದಲ್ಲಿದ್ದ ಹೆಂಗಸನ್ನು ಬೂಟಿಲ್ಲದ ಕಾಲಲ್ಲಿ ಹೊತ್ತು ಇಳಿಸಿದವನಿಗೆ ಸಣ್ಣ ಮೆಟ್ಟಿಲು! ಹೇಳಿ, ಇದು ನ್ಯಾಯವೇ? ಆದರೂ ಆಂಬುಲೆನ್ಸ್ ಹೋದ ಮೇಲೆ, ಕಾಯುವವರು ಯಾರೂ ಇಲ್ಲದ ಆ ಮನೆಯಲ್ಲಿ, ಓನೊರಾ ಸುರುಳಿಯಲ್ಲೇ ಹತ್ತಿ ಬೂಟು ತಂದ.

ನೊರೀನ್ ಸಾಯಲಿಲ್ಲ. ಬಾದಾಮಿ ಗಿಡ ಹೂ ಬಿಡುವ ಹೊತ್ತಿಗೆ, ಅರ್ಧ ತೂಕ ಇಳಿದು, ಅದೇ ಕರಿ ಶೂ ಹಾಕಿಕೊಂಡು ನಡೆದು ಬಂದಳು. ಇನ್ನು ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ಬಾಗಿಲಕೋಣೆಯಲ್ಲೇ ಹಾಸಿಗೆ ಹಾಕಿಸಿಕೊಂಡಳು. ಒರೆಸಲು ಕೆಲಸದವಳನ್ನು ಇಟ್ಟರು. ನೊರೀನ್ ಬುಡದಲ್ಲಿ ಕುರ್ಚಿ ಹಾಕಿ ಕೂತು "ಮೂಲೆ, ಮೂಲೆ ಬಿಟ್ಟೆ" ಎಂದು ಕೂಗುವಳು. ಆ ಹೆಂಗಸು ಅಳುತ್ತ ಕೆಲಸ ಬಿಟ್ಟು, ಇನ್ನೊಬ್ಬಳು ಬಂದಳು.

ನೊರೀನ್ ಆಸ್ಪತ್ರೆಯಿಂದ ಬಂದ ವಾರವೇ ಓನೊರಾ ಹೋಗಿ ನಿಂತಿದ್ದ, ಒಗೆದ ಕಾಲುಚೀಲ ಹಾಕಿಕೊಂಡು. "ಸಾಲ."

"ಗೊತ್ತು. ಇವತ್ತು ಒರೆಸಿದೆ. ಒದ್ದೆ ಇದೆ."

ಮುಂದಿನ ವಾರವೂ ಒದ್ದೆ. ಹಬ್ಬದ ಮುಂಚೆಯೂ ಒದ್ದೆ. ಕ್ರಿಸ್‌ಮಸ್ಸಿಗೆ ಓನೊರಾ ಒಂದು ಹೂಟ ಹೂಡಿದ. ಮುಷ್ಟಿಗಾತ್ರದ ಕಲ್ಲಿದ್ದಲಿಗೆ ಮೂರು ಸಲ ಸುಣ್ಣ ಬಳಿದು, ಒಣಗಿಸಿ, ಸಿಹಿತಿಂಡಿಯ ಕಾಗದದಲ್ಲಿ ಸುತ್ತಿ ಒಯ್ದು ಅವಳ ಮೇಜಿನ ಮೇಲೆ ಇಟ್ಟ.

"ಬಿಳಿ ಇದ್ದಲು. ಕೇಳಿದ್ರಲ್ಲ."

ಅವಳು ಅದನ್ನು ಬೆಳಕಿಗೆ ಹಿಡಿದಳು. ಹಿಂದೆ ಮುಂದೆ ನೋಡಿದಳು. ಉಗುರಿನಿಂದ ಒಂದು ಗೀರು ಎಳೆದಳು. ಕಪ್ಪು ಕಂಡಿತು.

"ಇದು ಬಿಳಿ ಇದ್ದಲಲ್ಲ. ಭಾನುವಾರದ ಶರ್ಟು ಹಾಕ್ಕೊಂಡಿರೋ ನೀನು" ಎಂದಳು. ಹಬ್ಬಕ್ಕೆ ಜೋಡಿಸಿಟ್ಟಿದ್ದ ಮಣ್ಣಿನ ಗೊಂಬೆಗಳ ನಡುವೆ, ಗೋದಲಿಯ ಹುಲ್ಲಿನಲ್ಲಿ ಮಲಗಿದ್ದ ಶಿಶುವಿನ ಪಕ್ಕದಲ್ಲಿ, ಅದನ್ನು ಇಟ್ಟಳು. ಹಬ್ಬ ಮುಗಿದು ಗೊಂಬೆಗಳು ಪೆಟ್ಟಿಗೆ ಸೇರಿದರೂ ಅದು ಕಪಾಟಿನ ಮೇಲೇ ಉಳಿಯಿತು.

ಆಮೇಲೆ ಇದ್ದಲಿನ ಕಾಲ ಮುಗಿಯಿತು. ನೋಟರಿ ಎಣ್ಣೆಯ ಒಲೆ ಹಾಕಿಸಿದ, ಉಳಿದವರು ಗ್ಯಾಸು. ಓನೊರಾ ಗಾಡಿ ಮಾರಿ, ಸಾಮಾನು ಸಾಗಿಸುವ ಲಾರಿ ಕೊಂಡ. ಜಟ್ಟಿ ಮನೆಯಲ್ಲಿ ಅವನಿಗೆ ಕೆಲಸವಿರಲಿಲ್ಲ. ಆದರೂ ಪ್ರತಿ ಶುಕ್ರವಾರ ಮಧ್ಯಾಹ್ನ ಹೋಗುತ್ತಿದ್ದ. ಶುಕ್ರವಾರ ನೊರೀನ್ ಒಣಮೀನು ಬೇಯಿಸಿ, ಒರಳಿನಲ್ಲಿ ಬೆಳ್ಳುಳ್ಳಿ ಅರೆದು ಆಲಿವ್ ಎಣ್ಣೆ ಹನಿಸಿ ತಿರುವುತ್ತಿದ್ದಳು. ಮುದುಕಿಯ ಕೈ ಸೋತ ಮೇಲೆ ಒರಳು ಓನೊರಾನ ತೊಡೆಯ ಮೇಲೆ ಬಂತು. ತಿರುವುತ್ತ ಕೇಳುವನು:

"ಒಣಗಿದ್ಯಾ?"

"ಎಣ್ಣೆ ನಿಧಾನ ಹಾಕು, ಒಡೆದು ಹೋಗುತ್ತೆ. ಒದ್ದೆ ಇದೆ."

"ನೀವು ಸಾಲಗಾರರು ನೊರೀನಮ್ಮ."

"ಇಲ್ಲ ಅಂದ್ನಾ? ಓಡಿ ಹೋಗ್ತೀನಾ?"

ಮನೆಗೆ ಬಂದು ಕೂಗಾಡಿದರೆ ಹೆಂಡತಿ ದೆಲ್ಫೀನ್ ಬಟ್ಟೆ ಮಡಿಸುತ್ತ ಹೇಳುವಳು: "ಅವಳು ತೀರಿಸಿಬಿಟ್ರೆ ಶುಕ್ರವಾರ ಎಲ್ಲಿಗೆ ಹೋಗ್ತೀಯ ನೀನು?" ಓನೊರಾ ಅದಕ್ಕೂ ರೇಗುವನು.

ನೊರೀನ್ ಸತ್ತದ್ದು ಬಾಗಿಲಕೋಣೆಯಲ್ಲಿ, ಕುರ್ಚಿಯ ಮೇಲೆ, ಬೆಳಗಿನ ಕಾಫಿ ಮುಂದಿಟ್ಟುಕೊಂಡು. ನೆಲಮಹಡಿಯಲ್ಲಿ ಸತ್ತದ್ದರಿಂದ ಪೆಟ್ಟಿಗೆಗೆ ಮೆಟ್ಟಿಲೇ ಬೇಕಾಗಲಿಲ್ಲ. ಹೆಬ್ಬಾಗಿಲ ಎರಡೂ ರೆಕ್ಕೆ ತೆಗೆದರು, ಜಟ್ಟಿಗಳ ನಡುವೆ ಹೊತ್ತು ಹೋದರು. ಮುಂದಿನ ಬಲ ಹೆಗಲು ಓನೊರಾನದು. ಜ್ವರದ ದಿನಕ್ಕಿಂತ ಹಗುರವಿದ್ದಳು.

ಈಗ ಮನೆಯನ್ನು ಪುರಸಭೆ ಕೊಂಡಿದೆ. ಜಟ್ಟಿಗಳ ಬಿರುಕು ಮುಚ್ಚಿ, ಗಾರೆ ತೊಳೆದು, ಮೊದಲನೇ ಅಂತಸ್ತಿನಲ್ಲಿ ಹಳೆಯ ಕುರ್ಚಿ, ಗಡಿಯಾರ, ಬಟ್ಟೆ ಇಟ್ಟಿದ್ದಾರೆ. ಭಾನುವಾರ ಯಾರು ಬೇಕಾದರೂ ದೊಡ್ಡ ಮೆಟ್ಟಿಲು ಹತ್ತಬಹುದು. ಜನ ಮಕ್ಕಳನ್ನು ಎತ್ತಿಕೊಂಡು ಹತ್ತುತ್ತಾರೆ, ಕಟಕಟೆಯ ಕಡೆ ಹತ್ತುತ್ತಾರೆ. ಹೋದ ವಸಂತದ ಒಂದು ಭಾನುವಾರ ಓನೊರಾ ಹೋದ, ಒಳ್ಳೆಯ ಶರ್ಟು ಹಾಕಿ. ಬುಡದಲ್ಲಿ, ನೊರೀನಳ ಕುರ್ಚಿ ಇದ್ದ ಜಾಗದಲ್ಲಿ, ಒಬ್ಬಳು ಯುವತಿ ಕೂತಿದ್ದಳು.

"ಹತ್ತಿ ಮೆಸ್ಯೋ, ಟಿಕೆಟ್ಟಿಲ್ಲ ಇವತ್ತು" ಎಂದಳು ನಗುತ್ತ. "ಮೇಲಿನ ಚಾವಣಿ ನೋಡಲೇಬೇಕು ನೀವು."

"ನೋಡಿದ್ದೀನಿ" ಎಂದ ಓನೊರಾ. "ಒರೆಸಿದ್ದೀರಾ ಇದನ್ನ?"

"ಹೂಂ, ಬೆಳಿಗ್ಗೇನೇ."

ಓನೊರಾ ಬಗ್ಗಿದ. ಸೊಂಟ ಹಿಡಿದಿತ್ತು. ಮೊದಲನೇ ಕಲ್ಲಿನ ಮೇಲೆ ಅಂಗೈ ಇಟ್ಟ. ಮೇಲಿನ ಕಿಟಕಿಯ ಬಿಸಿಲು ಬಿದ್ದು ಕಲ್ಲು ಬೆಚ್ಚಗಿತ್ತು, ಎಲುಬಿನ ಹಾಗೆ ಒಣಗಿತ್ತು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು ಎದ್ದ.

"ಇನ್ನೂ ಒದ್ದೆ ಇದೆ" ಎಂದ.

ಹುಡುಗಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಂಗಳ ದಾಟಿದ್ದ. ಹೆಬ್ಬಾಗಿಲಲ್ಲಿ ಹಲ್ಲು ಕಚ್ಚಿದ ಜಟ್ಟಿಯ ಮೊಣಕೈ ತಟ್ಟಿ, ಹೆಂಡದಂಗಡಿಯ ದಾರಿ ಹಿಡಿದ. ಅವತ್ತು ಸಂಜೆಯೂ ಗ್ಲಾಸು ಕುಕ್ಕಿದ, ಸಾಲ ತೀರಿಸದೆ ಹೋದಳು ಎಂದು ಬೈದ. ತೀರಿಸಬೇಕಾದವಳು ಮಣ್ಣಿನಲ್ಲಿದ್ದಾಳೆ. ಅವಳ ಬದಲು ಬೇರೆ ಯಾರು ಕೊಟ್ಟರೂ ಅವನು ತೆಗೆದುಕೊಳ್ಳುವುದಿಲ್ಲ.